ಒಡ್ಡಿನ ಮೇಲೆ ದೊರೆಯ ಹೆಸರು

ಬಹಳ ಹಿಂದೆ, ಮರಳುಗಾಡಿನ ನಡುವೆ ಹರಿಯುವ ಮಹಾನದಿಯ ದಂಡೆಯಲ್ಲಿ, ಪ್ರಜೆಗಳಿಗಿಂತ ಕಲ್ಲುಗಳಿಗೇ ಹೆಚ್ಚು ಮರ್ಯಾದೆಯಿದ್ದ ಒಂದು ರಾಜ್ಯವಿತ್ತು. ಅದನ್ನು ಸೂರ್ಯಪುತ್ರ, ಉಭಯತೀರಾಧೀಶ್ವರ, ಫೇರೋ ಖುಮತೆಪ್ ಮಹಾಪ್ರಭುಗಳು ಆಳುತ್ತಿದ್ದರು.

ರಾಜಧಾನಿಯ ತಗ್ಗಿನ ಕೇರಿಯಲ್ಲಿ, ನೆರೆ ತಡೆಯುವ ಕಲ್ಲಿನ ಒಡ್ಡಿಗೆ ಬೆನ್ನು ಕೊಟ್ಟುಕೊಂಡು, ರೊಟ್ಟಿ ಸುಟ್ಟು ಮಾರುವ ನೆಬೆತಮ್ಮನ ಮನೆಯಿತ್ತು. ಒಂದು ಕೋಣೆ, ಒಂದು ಮಣ್ಣಿನ ಒಲೆ. ಅವಳಿಗೆ ಅರಮನೆಯ ಗೊಡವೆ ಇರಲಿಲ್ಲ. ಗೊಡವೆ ಅರಮನೆಯಿಂದಲೇ ಬಂತು.

ಆ ದೇಶದಲ್ಲಿ ಪಟ್ಟವೇರಿದವರು ಕೈಗೊಳ್ಳುವ ಮೊದಲ ಅಭಿವೃದ್ಧಿ ಕಾಮಗಾರಿಯೆಂದರೆ, ಹಿಂದಿನ ದೊರೆಯ ಗುಡಿಗಳಿಂದ ಅವನ ಹೆಸರು ಕೆರೆಸಿ ತಮ್ಮದನ್ನು ಕೆತ್ತಿಸುವುದು. ಖುಮತೆಪ್ಪರೂ ಹಾಗೆಯೇ ಮಾಡಿದ್ದರು. ಒಂದು ದಿನ ತಮ್ಮ ಹೆಸರಿನ ಅಡಿಯಿಂದ ಹಿಂದೆ ಆಳಿದ ಅಜ್ಜನ ಹೆಸರಿನ ಬಾಲ ಇಣುಕುವುದನ್ನು ಕಂಡು ಅವರು ಅಮಾತ್ಯರನ್ನು ಕರೆಸಿದರು.

“ಅಮಾತ್ಯರೇ, ನಾಳೆ ನಮ್ಮನ್ನೂ ಹೀಗೇ ಕೆರೆದರೆ?”

ಮಹಾಮಾತ್ಯ ಸೆಬುಖ ಕೈಮುಗಿದ. “ಕೆರೆಯಲಾಗದಷ್ಟು ಆಳಕ್ಕೆ ಕೆತ್ತಿಸೋಣ ಪ್ರಭು. ಮೊಣಕೈ ಮುಳುಗುವಷ್ಟು.”

ಗುಡಿಗಳು ಮುಗಿದವು, ಕಂಬಗಳು ಮುಗಿದವು. ಉಳಿದದ್ದು ಒಡ್ಡು. ಬಿರುದುಗಳ ಸಮೇತ ದೊರೆಯ ಹೆಸರು ಬಲು ಉದ್ದ, ಒಡ್ಡೂ ಅಷ್ಟೇ ಉದ್ದ. ಜೋಡಿ ಚೆನ್ನಾಗಿ ಕೂಡಿಬಂತು.

ಪ್ರಗತಿ ಪರಿಶೀಲನೆಗೆ ಪಲ್ಲಕ್ಕಿ ಬಂದಾಗ ನೆಬೆತಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದು ಅಡ್ಡ ನಿಂತಳು.

“ಹೆಸರು ಹೇಗೆ ಕಾಣುತ್ತದೆ, ಅಜ್ಜೀ?” ಎಂದರು ದೊರೆಗಳು, ಪ್ರಸನ್ನರಾಗಿ.

“ಬಲು ಚೆಂದಾಗಿ ಕಾಣ್ತದೆ ಬುದ್ಧಿ. ಅದರೊಳಗಿಂದ ಆಚೆ ಹೊಳೇನೂ ಕಾಣ್ತದೆ.”

“ಪಾರದರ್ಶಕ ಆಡಳಿತ!” ಎಂದು ಸೆಬುಖ ಉದ್ಗರಿಸಿದ. ಪರಿವಾರ ಚಪ್ಪಾಳೆ ತಟ್ಟಿತು.

“ಅದಲ್ಲ ಬುದ್ಧಿ, ನೆರೆ ಬಂದ್ರೆ ನನ್ ಮನೆ ಉಳೀತದಾ? ಆ ತೂತುಗಳನ್ನ ಒಸಿ ಮುಚ್ಚಿಸ್ಕೊಡಿ.”

“ತೂತು ಅಂತೀಯಲ್ಲೇ ಮುದುಕಿ! ಅದು ಮಹಾಪ್ರಭುಗಳ ಮೊದಲಕ್ಷರ!” ಸೆಬುಖ ಗದರಿದ. ಅಹವಾಲು ಸ್ವೀಕಾರವಾಯಿತೆಂದು ಸಾರಲಾಯಿತು. ಪಲ್ಲಕ್ಕಿ ಹೊರಟಿತು.

ನದಿ ಎಂದಿನಂತೆ ಉಬ್ಬಿತು. ನೀರು ಮೊದಲಕ್ಷರದಿಂದ ಒಳಹೊಕ್ಕು ಬಿರುದುಗಳ ತನಕ ಓದಿಕೊಂಡು ಬಂತು, ಒಡ್ಡು ಚೂರುಚೂರಾಯಿತು. ಕೇರಿಯವರು ಗುಡ್ಡ ಹತ್ತಿ ಜೀವ ಉಳಿಸಿಕೊಂಡರು. ನೀರಿಳಿದ ಮೇಲೆ ನೆಬೆತಮ್ಮ ಮರಳಿ ಬಂದಾಗ ಗೋಡೆಗಳು ಹೇಗೋ ನಿಂತಿದ್ದವು. ಒಲೆಯ ಮೇಲೆ ಮಾತ್ರ ‘ಸೂರ್ಯಪುತ್ರ’ ಎಂಬ ಬಂಡೆ ಕುಳಿತಿತ್ತು. ಪಕ್ಕದ ಮನೆಯ ನಡುವೆ ‘ಅಧೀಶ್ವರ’ ಬಿದ್ದಿದ್ದ.

ಸುದ್ದಿ ಕೇಳಿ ಬಿಳಿಚಿಕೊಂಡ ದೊರೆಗೆ ಸೆಬುಖ ಸಮಾಧಾನ ಹೇಳಿದ: “ಶುಭವಾಯಿತು ಪ್ರಭು! ತಮ್ಮ ನಾಮಧೇಯ ಜನರ ಮನೆಬಾಗಿಲಿಗೇ ತಲುಪಿದೆ. ಒಂದೇ ಕಡೆ ಇದ್ದಿದ್ದರೆ ಕೆರೆಸುತ್ತಿದ್ದರು. ಈಗ ಮನೆಮನೆ ಹುಡುಕಿ ಕೆರೆಯುವವರು ಯಾರು?”

ದೊರೆಗಳಿಗೆ ಹೋದ ಜೀವ ಬಂದಂತಾಯಿತು. ಕೂಡಲೇ ರಾಜಾಜ್ಞೆ ಹೊರಟಿತು: ಹೆಸರು ಬಿದ್ದ ಮನೆಗಳೆಲ್ಲ ಸಂರಕ್ಷಿತ ಸ್ಮಾರಕ, ವಾಸವಿರುವವರು ತೆರವು ಮಾಡತಕ್ಕದ್ದು.

“ಹಂಗಾದ್ರೆ ನಾನೆಲ್ ಮಲಗ್ಲಪ್ಪಾ?” ನೆಬೆತಮ್ಮ ತನ್ನ ಬಾಗಿಲಿಗೆ ಬಂದು ನಿಂತ ಅರಮನೆಯ ಕಾವಲಿನವನನ್ನು ಕೇಳಿದಳು.

“ಹೊರಗೆ ಎಲ್ಲಿ ಬೇಕಾದ್ರೂ ಮಲಗಮ್ಮ, ಸರ್ಕಾರದ ಅಭ್ಯಂತರ ಇಲ್ಲ. ಆದ್ರೆ ಕಾಲು ಮಾತ್ರ ಪ್ರಭುಗಳ ಹೆಸರಿನ ಕಡೆ ಬರಬಾರದು.”

ಅವಳು ಬೀದಿಯಲ್ಲಿ ಚಾಪೆ ಹಾಸಿ ಈ ಕಡೆ ತಿರುಗಿದಳು, ಆ ಕಡೆ ತಿರುಗಿದಳು. ಎತ್ತ ಕಾಲು ಚಾಚಿದರೂ ಒಂದೊಂದು ಬಿರುದು. ಕೊನೆಗೆ ಚಾಪೆ ಸುತ್ತಿಟ್ಟು ಮಂಡಿ ಅಪ್ಪಿಕೊಂಡು ಕುಳಿತಳು. ಅವಳನ್ನು ನೋಡಿ ಇಡೀ ಕೇರಿ ಹಾಗೆಯೇ ಕುಳಿತಿತು. ಅಂದಿನಿಂದ ಆ ರಾಜ್ಯದಲ್ಲಿ ಕಾಲು ಚಾಚಿ ನೆಮ್ಮದಿಯಾಗಿ ಮಲಗಿದವರು ದೊರೆಗಳೊಬ್ಬರೇ.