ಹಸಿರಿನೊಳಗೆ ಹಸಿರು ಬಾಣ

"ಹಸಿರು ಕಾಡಿನಲ್ಲಿ ಹಸಿರು ಬಾಣ! ಯಾರಿಗ್ರೀ ಕಾಣತ್ತೆ?" ಎಂದು ಹೆಂಡತಿ ಮೊದಲ ದಿನವೇ ಕೇಳಿದ್ದಳು.

"ಕಾಣಬಾರದು ಕಣೇ, ಅನಿಸಬೇಕು," ಎಂದಿದ್ದರು ಗ್ರಾಫಿಕ್ ಡಿಸೈನ್ ಮೇಷ್ಟ್ರು. ಮನುಷ್ಯನಿಗೂ ಕಾಡಿಗೂ ಕಡಿದುಹೋದ ನಂಟನ್ನು ಮತ್ತೆ ಬೆಸೆಯಬೇಕೆಂಬುದು ಅವರ ಹುಚ್ಚು. ಊರಾಚೆಯ ಕಾಡಿನ ಕಾಲುದಾರಿಗೆ ದಿಕ್ಕು ತೋರಿಸುವ ಫಲಕಗಳನ್ನು ಬರೆದು, ಹೋದ ವಾರ ನೆಡಿಸಿದ್ದರು. ಎಲೆಯ ಆಕಾರದ ಬಾಣ, ಎಲೆಯದೇ ಬಣ್ಣ, ಅಕ್ಷರ ಒಂದೂ ಇಲ್ಲ.

ಇವತ್ತು ಅದರ ಪರೀಕ್ಷೆ. ಅರಣ್ಯಾಧಿಕಾರಿ ಮೇಡಂ ನಡೆದು ನೋಡಿ ಸೈ ಎಂದರೆ ವಿಭಾಗದ ಮುಖ್ಯಸ್ಥರ ಕುರ್ಚಿ ಮೇಷ್ಟ್ರಿಗೆ, ಇಲ್ಲವಾದರೆ ಫೋಟೋಗ್ರಫಿ ಮೇಷ್ಟ್ರಿಗೆ. ಪ್ರಿನ್ಸಿಪಾಲರು ಇಬ್ಬರ ಎದುರಲ್ಲೇ ಹಾಗೆಂದು ಹೇಳಿಬಿಟ್ಟಿದ್ದರು. ಆ ಕುರ್ಚಿಯ ಮೇಲೆ ಮೇಷ್ಟ್ರಿಗೆ ಎಷ್ಟು ಆಸೆಯೆಂದರೆ, ಯಾರೂ ಇಲ್ಲದಾಗ ಹೋಗಿ ಒಮ್ಮೆ ಕೂತು ನೋಡಿದ್ದರು ಪಾಪ.

ರಸ್ತೆಯಲ್ಲಿ ಜೀಪ್ ಇಳಿದು ನಾಲ್ವರೂ ಕಾಡು ಹೊಕ್ಕರು. ಮೊದಲನೇ ಫಲಕ ಸಿಕ್ಕಿತು. ಎರಡನೆಯದು ಸಿಗಲಿಲ್ಲ.

"ಇಲ್ಲೇ ಇತ್ತು ಸಾರ್," ಎನ್ನುತ್ತ ಮೇಷ್ಟ್ರು ಪೊದೆಯ ಎಲೆಗಳನ್ನು ಒಂದೊಂದಾಗಿ ತಟ್ಟಿ ನೋಡತೊಡಗಿದರು.

"ಅದು ಎಲೆ," ಎಂದರು ಫೋಟೋಗ್ರಫಿ ಮೇಷ್ಟ್ರು. "ಅದೂ ಎಲೆ. ಅದು ಮಾತ್ರ ಬೋರ್ಡೇ ಇರ್ಬೇಕು... ಅಲ್ಲ, ಎಲೆ." ಅವರ ಖುಷಿ ಮುಖದಲ್ಲೇ ಕುಣಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ದಾರಿಯೂ ತಪ್ಪಿತು. ಪ್ರಿನ್ಸಿಪಾಲರ ಅಂಗಿಯ ತೋಳು ಮುಳ್ಳಿಗೆ ಸಿಕ್ಕಿ ಪರ್ರನೆ ಹರಿಯಿತು. ಅವರು ಸಿಡುಕಿದರು.

"ಈ ಹುತ್ತ ಆಗ್ಲೇ ನೋಡಿದ್ವಲ್ರೀ?"

"ಅದು ಬೇರೆ ಸಾರ್. ಇದು ಅದರ ತಮ್ಮ ಇರ್ಬೇಕು," ಎಂದರು ಮೇಷ್ಟ್ರು.

"ಹಾಗಾದ್ರೆ ತಮ್ಮನ ಮೇಲೆ ನನ್ನ ಕರ್ಚೀಫ್ ಹೇಗ್ರೀ ಬಂತು?"

ಅಧಿಕಾರಿ ಮೇಡಂ ಮಾತ್ರ ತುಟಿ ಪಿಟಕ್ಕೆನ್ನದೆ, ತಲೆತುಂಬ ತರಗೆಲೆ ಸಿಕ್ಕಿಸಿಕೊಂಡು ನಡೆಯುತ್ತಿದ್ದರು. ಕುರ್ಚಿ ಕೈಬಿಟ್ಟಿತೆಂದು ಮೇಷ್ಟ್ರಿಗೆ ಅಳುವೇ ಬಂತು. ಕಾದು ಕಾದು ಬೇಸತ್ತ ಜೀಪ್ ಡ್ರೈವರ್ ಹಾರ್ನ್ ಬಾರಿಸಿದ್ದೇ ಪುಣ್ಯ, ಆ ಸದ್ದು ಹಿಡಿದು ಎಲ್ಲರೂ ರಸ್ತೆಗೆ ಬಂದು ಬಿದ್ದರು.

"ತಪ್ಪಾಯ್ತು ಮೇಡಂ. ಎಲ್ಲ ಕಿತ್ತು ಹಾಕಿ ಕೆಂಪು ಬಣ್ಣದಲ್ಲಿ..."

"ಅಯ್ಯೋ, ಮುಟ್ಟಬೇಡಿ!" ಮೇಡಂ ಮೊದಲ ಸಲ ಬಾಯಿಬಿಟ್ಟರು. "ಬೇಲಿ ಹಾಕಿದ್ವಿ, ಜನ ಹಾರಿ ಬಂದ್ರು. ದಂಡ ಹಾಕಿದ್ವಿ, ಕಟ್ಟಿ ಬಂದ್ರು. ಹಳೇ ಬೋರ್ಡ್ ತೆಗೆದು ನಿಮ್ಮದು ಹಾಕಿದ್ಮೇಲೆ ಒಂದು ನರಪಿಳ್ಳೆನೂ ಒಳಗೆ ಹೋಗಿಲ್ಲ. ದಾರೀಲೇ ಜಿಂಕೆ ಮಲಗ್ತಿವೆ ಈಗ! ನಮ್ಮ ಎಲ್ಲ ಕಾಡಿಗೂ ನೀವೇ ಹಾಕಿಕೊಡ್ಬೇಕು. ಅಲ್ಲೇ ಇದ್ದು ಮಾಡಿ, ಎರಡು ವರ್ಷ ಆದ್ರೂ ಆಗ್ಲಿ."

ಜನರನ್ನು ಕಾಡಿಗೆ ಹತ್ತಿರ ತರಲು ಹೊರಟಿದ್ದ ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ಏನೇ ಆಗಲಿ, ಮೇಡಂ ಸೈ ಎಂದರಲ್ಲ! ಆಸೆಯಿಂದ ಪ್ರಿನ್ಸಿಪಾಲರ ಕಡೆ ತಿರುಗಿದರು.

"ಭೇಷ್! ಕಾಲೇಜಿಗೇ ಹೆಮ್ಮೆ ಕಣ್ರೀ. ನಾಳೆಯೇ ಹೊರಡಿ," ಎಂದರು ಪ್ರಿನ್ಸಿಪಾಲರು, ಹರಿದ ತೋಳು ಹಿಡಿದುಕೊಂಡು. "ಆದ್ರೆ ಎರಡು ವರ್ಷ ಕುರ್ಚಿ ಖಾಲಿ ಬಿಡೋಕಾಗಲ್ವಲ್ಲ..."

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಫೋಟೋಗ್ರಫಿ ಮೇಷ್ಟ್ರು.

ಮನೆಯಲ್ಲಿ ಹೆಂಡತಿ ಕತೆಯನ್ನೆಲ್ಲ ಕೇಳಿದಳು. ಒಳಗೆ ಹೋಗಿ, ಇದ್ದಬದ್ದ ಕೆಂಪು ಅಂಗಿಗಳನ್ನೆಲ್ಲ ಹುಡುಕಿ ತಂದು ಸೂಟ್‌ಕೇಸಿಗೆ ತುಂಬಿದಳು.

"ಇವನ್ನೇ ಹಾಕ್ಕೊಳ್ಳಿ. ನೀವಾದ್ರೂ ಕಾಣಿಸಿ," ಎಂದಳು.