ಚೆಲ್ಲೋ ಅತ್ತ ದಿನ ಶಾಲೆಗೆ ರಜೆ

ನನಗೆ ಸಂಗೀತದಲ್ಲಿ ಪ್ರೀತಿಯಿದೆ, ತಿಳಿವಳಿಕೆ ಇಲ್ಲ. ಎರಡೂ ಇದ್ದವರು ಹಾಡುಗಾರರ ತಪ್ಪು ಹುಡುಕುತ್ತಾ ಸೊರಗುತ್ತಾರೆ. ನನ್ನಂಥವರು ಕಣ್ಣು ಮುಚ್ಚಿ ತಲೆದೂಗಿ ಮೈ ತುಂಬಿಕೊಳ್ಳುತ್ತೇವೆ. ಹೀಗೆ ಸುಖವಾಗಿದ್ದವನಿಗೆ ಪುಣೆಯ ಗೆಳೆಯನೊಬ್ಬ ಮನೆ ಖಾಲಿ ಮಾಡುವಾಗ ಒಂದು ಕ್ಯಾಸೆಟ್ಟನ್ನೂ ಅದರ ದಪ್ಪನೆಯ ಸ್ಕೋರನ್ನೂ ದಾಟಿಸಿಬಿಟ್ಟ. ಹಿಂದೆ ಯಾವುದೋ ಕಾಲದಲ್ಲಿ ಯುರೋಪಿನ ಸಾಹೇಬನೊಬ್ಬ ಬರೆದ ಚೆಲ್ಲೋ ಕನ್ಚರ್ಟೊ, ಅಂದರೆ ಒಂದು ಚೆಲ್ಲೋ ಮುಂದಾಳಾಗಿ ಉಳಿದ ವಾದ್ಯಗಳೆಲ್ಲ ಹಿಮ್ಮೇಳವಾಗುವ ಕೃತಿ. ಚೆಲ್ಲೋ ಎಂದರೆ ಪಿಟೀಲಿನ ಹಿರಿಯಣ್ಣ. ಯಾವ ವಾದ್ಯ ಯಾವಾಗ ಏನು ನುಡಿಯಬೇಕೆಂದು ಸ್ಕೋರಿನಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಮೊದಲ ಪುಟಗಳಲ್ಲಿ ಉಳಿದವರೆಲ್ಲ ಬೆವರು ಸುರಿಸುತ್ತಿದ್ದರೂ ಚೆಲ್ಲೋದ ಸಾಲು ಖಾಲಿ. ನಮ್ಮ ಕಚೇರಿಯ ಸಾಹೇಬರೂ ಹಾಗೆಯೇ ತಡವಾಗಿ ಬರುತ್ತಿದ್ದುದರಿಂದ ನನಗೆ ಅಷ್ಟು ಮಾತ್ರ ಬೇಗ ಅರ್ಥವಾಯಿತು.

ಆಗ ನಾವು ಬ್ಯಾಡಗಿಯಲ್ಲಿದ್ದೆವು. ಎರಡನೆಯ ಶನಿವಾರ, ನನಗೆ ರಜೆ. ಕ್ಯಾಸೆಟ್ ಹಚ್ಚಿ, ಸ್ಕೋರು ಬಿಚ್ಚಿಕೊಂಡು ಕಿಟಕಿಯ ಪಕ್ಕ ಕುಳಿತೆ. ಒಳಗೆ ನನ್ನ ಹೆಂಡತಿ ಸುಮಿತ್ರಾ ಮಸಾಲೆ ಖಾರಕ್ಕೆ ಮೆಣಸಿನಕಾಯಿ ಹುರಿಯುತ್ತಿದ್ದಳು. ನಿಧಾನದ ನಡುಭಾಗ ಬಂತು. ಚೆಲ್ಲೋ ಎದೆ ಹಿಂಡುವಂತೆ ಅಳತೊಡಗಿತು. ಅದಕ್ಕೋ ಖಾರದ ಘಾಟಿಗೋ, ನನ್ನ ಕಣ್ಣಲ್ಲೂ ಧಾರಾಕಾರ. ನಮ್ಮೂರಲ್ಲಿ ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ. ಆದರೆ ಪಕ್ಕದ ಮನೆಯ ಗದಿಗೆಪ್ಪ ಮಾಸ್ತರು ಐರಣಿ ಕಡೆಯಿಂದ ಹೊಸದಾಗಿ ಹೆಡ್ಮಾಸ್ತರಾಗಿ ಬಂದವರು. ದೇಶದ ದೊಡ್ಡ ನಾಯಕರು ಯಾರಾದರೂ ತೀರಿಕೊಂಡರೆ ರೇಡಿಯೋದಲ್ಲಿ ಹಾಡೆಲ್ಲ ನಿಂತು ವಾದ್ಯವೊಂದೇ ಗೋಳಾಡುತ್ತಿದ್ದ ಕಾಲ ಅದು. ಅದು ಕೇಳಿಸಿದರೆ ರಜೆ ಎಂದು ಮಕ್ಕಳಿಗೂ ಗೊತ್ತಿತ್ತು.

ಮಾಸ್ತರು ಸೈಕಲ್ ನಿಲ್ಲಿಸಿ ಕಿಟಕಿಯಿಂದ ಕೇಳಿದರು, "ಯಾರ್ರೀ ಹೋದವರು?"

ರಸಭಂಗವಾಗದಿರಲೆಂದು ನಾನು ಕಣ್ಣು ತೆರೆಯದೆ ಕೈ ಎತ್ತಿದೆ. ದುಃಖಕ್ಕೆ ನನ್ನ ಬಾಯಿ ಕಟ್ಟಿದೆ ಎಂದುಕೊಂಡು ಅವರು ಹೊರಟುಹೋದರು.

ಅದೇ ಭಾಗವನ್ನು ಮತ್ತೆ ಮತ್ತೆ ಕೇಳಿ, ಕೊನೆಯ ಕುಣಿತದ ಭಾಗಕ್ಕೆ ಬರುವಷ್ಟರಲ್ಲಿ ಬೀದಿಯ ತುಂಬ ಮಕ್ಕಳು ಪಾಟೀಚೀಲ ತೂಗುತ್ತಾ ಓಡಿಬಂದರು. ಹಿಂದೆಯೇ ಮಾಸ್ತರು.

"ಸಾಲಿಗೆ ರಜೆ ಕೊಟ್ಟು ಬಂದೇನ್ರಿ. ರೇಡಿಯೋದಾಗ ಹೆಸರು ಹೇಳಿದ್ರೇನ್ರಿ? ಬೋರ್ಡಿನ ಮ್ಯಾಲೆ ಬರೀಬೇಕು."

"ರೇಡಿಯೋ ಅಲ್ರೀ ಮಾಸ್ತರ, ಕ್ಯಾಸೆಟ್."

ಅವರು ಕಟ್ಟೆಯ ಮೇಲೆ ಕುಸಿದರು. "ನನ್ನ ನೌಕರಿಗೇ ಬಂತಲ್ರೀ. ಮ್ಯಾಲಿನವರು ಕೇಳಿದ್ರ ಯಾರು ಸತ್ತಾರಂತ ಹೇಳ್ಲಿ?"

ನನಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು. ಸಮಾಧಾನ ಮಾಡಲು ಸ್ಕೋರು ಬಿಚ್ಚಿದೆ. "ನೋಡ್ರಿ, ದುಃಖ ಇಷ್ಟ ಪುಟ. ಮುಂದ ಎಲ್ಲಾ ಖುಷಿನ ಐತಿ."

ಮಾಸ್ತರು ಬಹಳ ಹೊತ್ತು ಆ ಪುಟಗಳನ್ನು ನೋಡಿದರು. "ಇದನ್ನ ಬರದವರು ಈಗ ಎಲ್ಲಿದ್ದಾರ?"

"ತೀರಿಕೊಂಡಾರ್ರಿ. ನೂರೆಂಬತ್ತು ವರ್ಷದ ಮ್ಯಾಲಾತು."

"ಆತು ಬಿಡ್ರಿ," ಎಂದು ಮಾಸ್ತರು ಉಸಿರು ಬಿಟ್ಟರು. "ಹೋಗಿದ್ದಂತೂ ಖರೇ."

ಸುಮಿತ್ರಾ ತಂದ ಚಹಾ ಕುಡಿದು, ಮರುದಿನ ಭಾನುವಾರ ಶಾಲೆ ನಡೆಸಿ ಲೆಕ್ಕ ಸರಿಮಾಡಿದರು. ಪುಣ್ಯಕ್ಕೆ ಮೇಲಿನವರು ಯಾರೂ ಕೇಳಲಿಲ್ಲ. ಮಕ್ಕಳು ಮಾತ್ರ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಕಿಟಕಿಗೆ ಬಂದು, "ಕಾಕಾ, ಆ ಅಳೂದು ಹಚ್ಚರಿ" ಎನ್ನುತ್ತಿದ್ದರು. ಊರಿನಲ್ಲಿ ಇಷ್ಟೊಂದು ಸಂಗೀತಪ್ರೇಮಿಗಳಿದ್ದಾರೆಂದು ನನಗೆ ಹೆಮ್ಮೆ.

ಎಷ್ಟೋ ತಿಂಗಳ ಮೇಲೆ ಸುಮಿತ್ರಾ ತವರುಮನೆ ಅಗಡಿಗೆ ಹೋಗಿದ್ದಳು. ಬೆಳಿಗ್ಗೆ ತಡವಾಗಿ ಎದ್ದು ರೇಡಿಯೋ ಹಚ್ಚಿದೆ. ವಾರ್ತೆ ಮುಗಿದುಹೋಗಿತ್ತು, ಸಾರಂಗಿ ನುಡಿಯುತ್ತಿತ್ತು. ಗಡ್ಡ ಹೆರೆದುಕೊಳ್ಳುತ್ತಾ ತಲೆದೂಗಿದೆ. ಖುಷಿಯ ಭಾಗ ಈಗ ಬಂದೀತು, ಆಗ ಬಂದೀತು ಎಂದು ಕಾದು ಕಚೇರಿಗೆ ತಡವೂ ಆಯಿತು. ಓಡೋಡಿ ಹೋದರೆ ಬಾಗಿಲಿಗೆ ಬೀಗ. ಎದುರಿಗೆ ಸೈಕಲ್ ತಳ್ಳಿಕೊಂಡು ಗದಿಗೆಪ್ಪ ಮಾಸ್ತರು.

"ಇವತ್ತ ರೇಡಿಯೋ ಕೇಳಲಿಲ್ಲೇನ್ರಿ?"

"ಕೇಳಿದೆ," ಎಂದೆ. "ಭಾಳ ಚಲೋ ಇತ್ತು."