ಘಟ್ಟದ ಮೇಲಿನ ಕಪ್ತಾನ

ನಮ್ಮ ಮಾವ ಯುದ್ಧನೌಕೆಯ ಕಪ್ತಾನರು. ನೌಕೆ ಮಾತ್ರ ಶಿರಸಿಯಲ್ಲಿದೆ! ನೀರೆಲ್ಲಿ ಎಂದು ಅವರ ಮುಂದೆ ಕೇಳಬೇಡಿ, ಕಾಪಿಯೂ ಸಿಗುವುದಿಲ್ಲ. ಯಲ್ಲಾಪುರದ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ, ಹದಿನೆಂಟನೆಯ ಶತಮಾನದ ಸ್ಲೂಪ್ ಎಂಬ ಪುಟ್ಟ ಯುದ್ಧದ ಹಡಗಿನ ಬಗ್ಗೆ ಎಲ್ಲೋ ಓದಿದರು, ಅಷ್ಟೇ. ನಿವೃತ್ತಿಯಾದ ಮೇಲೆ ಶಿರಸಿಯ ಬಾಡಿಗೆ ಮನೆಯೇ ಹಡಗಾಯಿತು. ಅವರು ಕಪ್ತಾನ, ಉಳಿದ ನೂರು ಜನ ನಾವಿಕರು ನಮ್ಮ ಅತ್ತೆ.

ದೊಡ್ಡ ಹಡಗುಗಳ ಮೇಲೆ ಮಾವನಿಗೆ ಅಷ್ಟೇನೂ ಗೌರವವಿಲ್ಲ. ಅವು ವರ್ಷಗಟ್ಟಲೆ ಬಂದರಿನಲ್ಲಿ ಬಿದ್ದಿದ್ದು, ಒಂದು ದಿನ ಕಾದಾಡಿ ಹೆಸರು ಮಾಡುತ್ತವಂತೆ. ಕಾಗದ ಒಯ್ಯುವುದು, ವ್ಯಾಪಾರಿ ಹಡಗುಗಳಿಗೆ ಕಾವಲು ಹೋಗುವುದು, ಕಳ್ಳಸಾಗಣೆಯವರನ್ನು ಅಟ್ಟುವುದು ಎಲ್ಲ ಸ್ಲೂಪಿನ ತಲೆಗೆ. ತಳದಲ್ಲಿ ಜಿನುಗುವ ನೀರನ್ನು ದಿನವೂ ಪಂಪು ಒತ್ತಿ ಹೊರಗೆ ಹಾಕಬೇಕು, ಹಲಗೆಯನ್ನು ಕಲ್ಲಿನಿಂದ ಉಜ್ಜಬೇಕು, ಹರಿದ ಪಟ ಹೊಲಿಯಬೇಕು. ಇದನ್ನು ಹೇಳುವಾಗ ಮಾವ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಜೀವಮಾನವೆಲ್ಲ ಊರವರ ಕಾಗದ ವಿಂಗಡಿಸಿದವರಿಗೆ ಅದು ತಮ್ಮದೇ ಕಥೆ ಅನ್ನಿಸುತ್ತದೋ ಏನೋ.

ಹಡಗಿನಲ್ಲಿ ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸುತ್ತಾರಂತೆ. ಮಾವನೂ ಶುರು ಮಾಡಿದರು. ಮನೆಯಲ್ಲಿ ಇದ್ದದ್ದು ದೇವರ ಗಂಟೆ! ಮೊದಲ ದಿನವೇ ಪಕ್ಕದ ಮನೆಯವರು ಮಂಗಳಾರತಿಯೆಂದು ಓಡಿ ಬಂದು ತೀರ್ಥಕ್ಕೆ ಕೈಯೊಡ್ಡಿದರು. ಮಾವ ತಬ್ಬಿಬ್ಬಾಗಲಿಲ್ಲ. ವಸಡು ಕೊಳೆಯದಿರಲೆಂದು ನಾವಿಕರಿಗೆ ಲಿಂಬೆರಸ ಕೊಡುತ್ತಿದ್ದರಲ್ಲ, ಅದರ ಬದಲು ಅತ್ತೆಯಿಂದ ಮಾಡಿಸಿಟ್ಟ ಮಾವಿನಕಾಯಿಯ ಅಪ್ಪೆಹುಳಿಯನ್ನೇ ಉದ್ಧರಣೆಯಲ್ಲಿ ಎರೆದರು. ಅವರು ಭಕ್ತಿಯಿಂದ ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡರು! ಮರುದಿನದಿಂದ ಗಂಟೆ ಹೊಡೆಯುವುದೇ ತಡ, ಬೀದಿಯೆಲ್ಲ ಹಾಜರು.

ಬಿಳಗಿಯ ನೆಂಟರ ಮನೆಯ ಕಥೆ ಇನ್ನೂ ಚೆಂದ. ಆ ಕಾಲದ ನಾವಿಕರ ಬಿಸ್ಕತ್ತಿನಲ್ಲಿ ಹುಳ ಇರುತ್ತಿತ್ತು, ಮೇಜಿಗೆ ಕುಟ್ಟಿ ಉದುರಿಸಿ ತಿನ್ನುತ್ತಿದ್ದರು. ಮಾವನಿಗೂ ಏನನ್ನಾದರೂ ಕುಟ್ಟದೆ ತಿಂದರೆ ರುಚಿಸದು. ನೆಂಟರ ಮನೆಯ ಅಕ್ಕ ಆಸೆಯಿಂದ ತಂದಿಟ್ಟ, ಕಾಗದದಷ್ಟು ತೆಳ್ಳಗಿನ ತೊಡೆದೇವೆಂಬ ಸಿಹಿಯನ್ನೂ ಮೇಜಿಗೆ ಕುಟ್ಟಿದರು. ಏನುಳಿದೀತು? ಪುಡಿ! ಹುಳ ಇದೆಯೇನೋ ಎಂದು ನೋಡಿದೆ ಎಂಬ ವಿವರಣೆ ಬೇರೆ. ಆ ಅಕ್ಕ ಇವತ್ತಿಗೂ ಅತ್ತೆಯನ್ನಷ್ಟೇ ಮಾತಾಡಿಸುತ್ತಾಳೆ.

ಇಷ್ಟಾದರೂ ಮಾವ ಸಮುದ್ರವನ್ನೇ ನೋಡಿರಲಿಲ್ಲ. ಘಟ್ಟ ಇಳಿದರೆ ಕುಮಟಾದ ಕಡಲು! ಆದರೆ ದೇವಿಮನೆ ಘಟ್ಟದ ಮೊದಲ ತಿರುವಿಗೇ ಅತ್ತೆಗೆ ವಾಂತಿ. ನೀವೊಬ್ಬರೇ ಹೋಗಿ ಬನ್ನಿ ಎಂದರೆ ಮಾವ ಮಾತು ಮರೆಸುತ್ತಿದ್ದರು. ಸಂಜೆಯಾದರೆ ಮಾಳಿಗೆಯಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತು, ಗಾಳಿಯಲ್ಲಿ ಉಪ್ಪಿನ ವಾಸನೆ ಇದೆಯೇ ಎಂದು ಮೂಸುತ್ತಿದ್ದರು. ಅದನ್ನು ನೋಡಿದಾಗ ನನ್ನ ನಗೆಯೆಲ್ಲ ಅಡಗಿಹೋಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅತ್ತೆಯೇ ಹಠ ಹಿಡಿದರು. ಮೂಗಿಗೆ ಲಿಂಬೆಹಣ್ಣು ಹಿಡಿದು ನನ್ನ ಕಾರಿನಲ್ಲಿ ಕುಳಿತರು. ತಿರುವುತಿರುವಿಗೂ ಇಳಿಸಿ, ಮುಖ ತೊಳೆಸಿ, ಮತ್ತೆ ಕೂರಿಸಿ ಅಂತೂ ಕಡಲತೀರ ಮುಟ್ಟಿದೆವು. ನನ್ನ ಪರಿಚಯದ ಮೀನುಗಾರನೊಬ್ಬ ಮಾವನನ್ನು ಕರೆದೊಯ್ಯಲು ದೋಣಿ ಸಿದ್ಧ ಮಾಡಿದ್ದ. ಉಬ್ಬರದ ನೀರು ಇಳಿಯುವ ಮೊದಲೇ ಹೊರಡಬೇಕು ಎಂದ. ಅತ್ತೆ ಮಾತ್ರ ಮರಳಿನ ಮೇಲೆ ಕಣ್ಣುಮುಚ್ಚಿ ಮಲಗಿಬಿಟ್ಟಿದ್ದರು.

"ನಿಂಗ ಹೋಗಿ ಬನ್ನಿ. ಆನು ಇಲ್ಲೇ ಇರ್ತೆ" ಎಂದರು.

ಮಾವ ದೋಣಿಯನ್ನು ನೋಡಿದರು. ಇಡೀ ಬದುಕಿನ ಆಸೆ ಆ ನೋಟದಲ್ಲಿತ್ತು, ನನಗೆ ಅಳುವೇ ಬಂತು. ಆಮೇಲೆ ಸಮುದ್ರಕ್ಕೆ ಬೆನ್ನು ಹಾಕಿ ಕುಳಿತು, ಅತ್ತೆಯ ಮುಖಕ್ಕೆ ಬಿಸಿಲು ಬೀಳದಂತೆ ಸರಿದು ತಮ್ಮ ನೆರಳು ಕೊಟ್ಟರು.

"ದೋಣಿ ಹೋಗ್ಲಿ ಬಿಡೆ. ನೀ ಇಷ್ಟು ದೂರ ಬಂದ್ಯಲ, ಅಷ್ಟೇ ಸಾಕು ಯಂಗೆ."

ಹಿಂದಿನಿಂದ ಅಲೆಯೊಂದು ಬಂದು ಅವರ ಪಂಚೆ ತೋಯಿಸಿತು. ಮಾವ ತಿರುಗಿ ನೋಡಲಿಲ್ಲ.